ಮೈದಾನದ ಹಕ್ಕಿ ಸಾಬರು

ಹೊಟ್ಟೆಕಿಚ್ಚು ಅನ್ನುವುದು ದೂರದವರ ಮೇಲೆ ಬರುವುದಿಲ್ಲ. ಅರಮನೆಯಲ್ಲಿರುವವರ ಮೇಲೆ ನನಗೆ ಯಾವತ್ತೂ ಬಂದಿಲ್ಲ. ಬೆಂಗಳೂರಿನಲ್ಲಿ ಮೋಟಾರು ಇಟ್ಟುಕೊಂಡವರ ಮೇಲೂ ಬಂದಿಲ್ಲ. ಬಂದದ್ದು ದೇವನಹಳ್ಳಿಯ ಒಬ್ಬ ಸಾಬರ ಮೇಲೆ. ನನಗಿದ್ದ ಕೆಲಸವೇ ಅವರಿಗೂ ಇತ್ತು. ಇಬ್ಬರೂ ಕೂತು ಬುತ್ತಿ ಬಿಚ್ಚುತ್ತಿದ್ದ ಹೊಂಗೆಮರದ ನೆರಳೂ ಒಂದೇ. ಅವರು ತೀರಿಕೊಂಡು ಹದಿನೈದು ದಿನವಾಯಿತು. ಸತ್ತವರ ಮೇಲೆ ಹೊಟ್ಟೆ ಉರಿದುಕೊಳ್ಳಬಾರದು ಅಂತ ನನ್ನ ಹೆಂಡತಿ ಹೇಳುತ್ತಾಳೆ. ಅವಳಿಗೇನು, ಅವಳು ಅವರ ಜೊತೆ ಕೆಲಸ ಮಾಡಿದವಳಲ್ಲ.

ಆಗ ಯುದ್ಧದ ಕಾಲ. ಬೂದಿಗೆರೆಯಿಂದ ದೇವನಹಳ್ಳಿ ಕಡೆಗೆ ಹೋಗುವಾಗ ಸಿಗುವ ಬಯಲನ್ನು ಮಿಲಿಟರಿಯವರು ಹಿಡಿದುಕೊಂಡು ವಿಮಾನ ಇಳಿಸುವ ಮೈದಾನ ಮಾಡಿದರು. ನಮ್ಮ ಎರಡೆಕರೆ ರಾಗಿ ಹೊಲ ಅದರೊಳಗೇ ಹೋಯಿತು. ಮನೆಯಲ್ಲಿ ಅಪ್ಪನ ಕಾಲದ ಲೈಸೆನ್ಸು ಕೋವಿ ಇತ್ತು. ಹಂದಿ ಹೊಡೆಯುವುದರಲ್ಲಿ ನನ್ನ ಹೆಸರು ಹೋಬಳಿಗೆಲ್ಲ ಗೊತ್ತಿತ್ತು. ಮೈದಾನದ ಅಧಿಕಾರಿ ಕೆಂಪು ಮೀಸೆಯ ಒಬ್ಬ ಇಂಗ್ಲಿಷಿನವನು, ನಾವೆಲ್ಲ ದೊರೆ ಅನ್ನುತ್ತಿದ್ದೆವು. ಅವನು ನನ್ನನ್ನು ಹಕ್ಕಿ ಓಡಿಸುವ ಕೆಲಸಕ್ಕೆ ಇಟ್ಟುಕೊಂಡ. ಕೇಳಿ ನಗಬೇಡಿ. ಇದು ಅಟ್ಟಣೆ ಮೇಲೆ ಕೂತು ತಗಡು ಬಡಿಯುವ ಕೆಲಸವಲ್ಲ. ವಿಮಾನ ಏಳುವಾಗಲೋ ಇಳಿಯುವಾಗಲೋ ಒಂದು ಹದ್ದು ಬಂದು ಅದರ ಮೂತಿಗೆ ಬಡಿದರೆ ಒಳಗಿರುವವನ ಕಥೆ ಮುಗಿದಂತೆ. ಹಾಗಾಗದಂತೆ ಬೆಳಗಿನಿಂದ ಸಂಜೆಯವರೆಗೆ ಆಕಾಶ ಕಾಯಬೇಕು. ಊರಿನಲ್ಲಿ ನಾನು ಮಿಲಿಟರಿ ನೌಕರ ಅಂತ ಎದೆಯುಬ್ಬಿಸಿ ಓಡಾಡುತ್ತಿದ್ದೆ.

ಎರಡು ತಿಂಗಳು ಹೀಗೆ ನಾನೊಬ್ಬನೇ ರಾಜನಂತಿದ್ದೆ. ಆಮೇಲೆ ಅವರು ಬಂದರು. ಕೋವಿ ಇಲ್ಲ, ಬೂಟಿಲ್ಲ. ಉದ್ದನೆಯ ಬಿದಿರುಕೋಲು, ಅದರ ತುದಿಗೆ ಕಟ್ಟಿದ ಒಂದು ಕಪ್ಪು ಬಟ್ಟೆ, ಅಷ್ಟೇ ಅವರ ಹತಾರ. ದೇವನಹಳ್ಳಿ ಕೋಟೆಯೊಳಗೆ ಅವರ ಮನೆ. ತಾತನ ಕಾಲದಿಂದ ಪಾರಿವಾಳ ಸಾಕುವ ಹುಚ್ಚು. ಮಾಳಿಗೆಯ ಮೇಲೆ ನಿಂತು ಪಾರಿವಾಳ ಹಾರಿಸಿ, ಗಿಡುಗ ಬಂದೀತು ಅಂತ ಚಿಕ್ಕಂದಿನಿಂದ ಆಕಾಶ ನೋಡಿದ ಕಣ್ಣು. ನಾನು ಹಕ್ಕಿ ಕಂಡ ಮೇಲೆ ಕೋವಿ ಎತ್ತುತ್ತಿದ್ದೆ. ಅವರು ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಬೆರಳಿಗೆ ಎಂಜಲು ಹಚ್ಚಿ ಗಾಳಿಗೆ ಹಿಡಿದು, "ಇನ್ನು ಸ್ವಲ್ಪ ಹೊತ್ತಿಗೆ ಆ ಕೆರೆ ಕಡೆಯಿಂದ ನಾಲ್ಕೈದು ಬರ್ತವೆ ಗೌಡ್ರೇ" ಅನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ಬರದಿರಲಿ ದೇವರೇ ಅಂದುಕೊಳ್ಳುತ್ತಿದ್ದೆ. ಬಂದೇ ಬರುತ್ತಿದ್ದವು.

ವಾರ ಕಳೆಯುವುದರೊಳಗೆ ಸಿಪಾಯಿಗಳೆಲ್ಲ ಅವರನ್ನು ಹಕ್ಕಿ ಸಾಬರು ಅಂತ ಕರೆಯತೊಡಗಿದರು. ನನಗೆ ಯಾವ ಹೆಸರೂ ಬರಲಿಲ್ಲ. ಇನ್ನೊಂದು ಸಂಕಟ ಏನೆಂದರೆ ದೊರೆಗೆ ಹಿಂದೂಸ್ತಾನಿ ಬರುತ್ತಿತ್ತು, ಸಾಬರಿಗೂ ಬರುತ್ತಿತ್ತು. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿ ಕಲಿತ ಇಂಗ್ಲಿಷನ್ನು ಪೆಟ್ಟಿಗೆಯಿಂದ ತೆಗೆದ ಜರಿ ಪೇಟದ ಹಾಗೆ ಜೋಪಾನವಾಗಿ ಆಡುತ್ತಿದ್ದರೆ, ಅವರಿಬ್ಬರೂ ಅಣ್ಣತಮ್ಮಂದಿರ ಹಾಗೆ ಹರಟೆ ಹೊಡೆಯುತ್ತಿದ್ದರು.

ಮೊದಲ ಸಲ ನನ್ನ ಮುಖಕ್ಕೆ ಮಸಿ ಬಿದ್ದದ್ದು ಹುಲ್ಲಿನ ವಿಷಯದಲ್ಲಿ. ಮಳೆ ಬಿದ್ದು ಮೈದಾನದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಹುಲ್ಲಿದ್ದರೆ ಹಕ್ಕಿ ಅಡಗುತ್ತವೆ, ಕೊಯ್ಯಿಸಿಬಿಟ್ಟರೆ ಬಯಲು ಬಯಲಾಗಿ ಕಾಣುತ್ತದೆ ಅಂತ ನಾನು ದೊರೆಗೆ ಹೇಳಿದೆ. ಅವನು ಒಪ್ಪಿದ. ಸಾಬರು ಮಾತ್ರ ತಲೆ ಕೆರೆದುಕೊಂಡು, "ಬೇಡ ಗೌಡ್ರೇ, ಹಾಗೇ ಬಿಡೋಣ" ಅಂದರು. ನನಗೆ ಹೇಳಲು ಇವರ್ಯಾರು? ನಮ್ಮೂರಿನವರನ್ನೇ ಕರೆಸಿ, ದನಕ್ಕೆ ಮೇವಾಯಿತು ಕೊಯ್ದುಕೊಳ್ಳಿ ಅಂದೆ. ಎರಡೇ ದಿನದಲ್ಲಿ ಮೈದಾನ ಕ್ಷೌರ ಮಾಡಿಸಿಕೊಂಡ ತಲೆಯಂತಾಯಿತು.

ಮೂರನೆಯ ದಿನ ಬೆಳಿಗ್ಗೆ ಬಂದು ನೋಡುತ್ತೇನೆ, ಬಯಲೆಲ್ಲ ಬೆಳ್ಳಗೆ. ಬೆಳ್ಳಕ್ಕಿ, ಗೊರವಂಕ, ಕಾಗೆ, ಮೇಲೆ ಸುತ್ತುವ ಹದ್ದು. ಹುಲ್ಲು ಹೋದದ್ದೇ ತಡ, ಮಿಡತೆ, ಓತಿಕ್ಯಾತ, ಇಲಿ ಎಲ್ಲ ಬಟಾಬಯಲಿಗೆ ಬಿದ್ದಿದ್ದವು. ಹಕ್ಕಿಗಳಿಗೆ ಮದುವೆ ಊಟ. ಒಂದು ವಿಮಾನ ಇಳಿಯಲಾರದೆ ಮೇಲೆ ಸುತ್ತಿ ಸುತ್ತಿ ವಾಪಸ್ಸು ಹೋಯಿತು. ದೊರೆ ನನಗೆ ಇಂಗ್ಲಿಷಿನಲ್ಲಿ ಬೈದ. ಅದು ಮಾತ್ರ ನನಗೆ ಪೂರ್ತಿ ಅರ್ಥವಾಯಿತು.

ಬುತ್ತಿ ಬಿಚ್ಚುವಾಗ ಸಾಬರು ನಿಧಾನವಾಗಿ ಅಂದರು: "ಹುಲ್ಲು ಮೊಣಕಾಲುದ್ದ ಇರ್ಲಿ. ಒಳಗೆ ತಿನ್ನಾಕೆ ಏನೈತೆ ಅಂತ ಹಕ್ಕಿಗೆ ಕಾಣಬಾರ್ದು. ಹಕ್ಕಿ ಸುಮ್ಸುಮ್ನೆ ಬರಲ್ಲ ಗೌಡ್ರೇ. ಯಾರಾದ್ರೂ ಕರೆದ್ರೇ ಬರೋದು. ಕರೆದೋರು ಯಾರು ಅಂತ ನೋಡ್ಬೇಕು."

ಅವರು ಹಂಗಿಸಿದ್ದರೆ ನನಗೆ ಸುಖವಾಗುತ್ತಿತ್ತು. ಹಂಗಿಸಲಿಲ್ಲ. ತಮ್ಮ ಬುತ್ತಿಯ ಉಪ್ಪಿನಕಾಯಿಯನ್ನು ನನ್ನ ಎಲೆಯ ಕಡೆಗೆ ಸರಿಸಿದರು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ನಮ್ಮ ಕೋಳಿಮರಿಗಳನ್ನು ಒಂದು ಗಿಡುಗ ದಿನಕ್ಕೊಂದರಂತೆ ಎತ್ತಿಕೊಂಡು ಹೋಗುತ್ತಿತ್ತು. ನಾನು ಕೋವಿ ಹಿಡಿದು ಮೂರು ದಿನ ಹಿತ್ತಲಲ್ಲಿ ಕಾದೆ. ನಾನು ಕೂತಾಗ ಅದು ಬರದು, ನಾನು ಎದ್ದಾಗ ಮರಿ ಇರದು. ಒಮ್ಮೆ ನನ್ನ ಹೆಂಡತಿ ಬುತ್ತಿ ತಂದವಳು ಇದನ್ನು ಸಾಬರ ಮುಂದೆ ಹೇಳಿಕೊಂಡಳು. "ಹಿತ್ತಲಲ್ಲಿ ಅಲ್ಲಲ್ಲಿ ಮುಳ್ಳುಕಂಟಿ ಹಾಕ್ಬಿಡಿ ಅಕ್ಕಾ, ಮರಿ ನುಗ್ಗಿ ಬಚ್ಚಿಟ್ಕೋತವೆ" ಅಂದರು. ಆವತ್ತಿನಿಂದ ಒಂದು ಮರಿಯೂ ಹೋಗಲಿಲ್ಲ. ಆಮೇಲೆ ಮನೆಯಲ್ಲಿ ಮಜ್ಜಿಗೆ ಹುಳಿಯಾದರೂ "ಸಾಬ್ರನ್ನ ಒಂದ್ಮಾತು ಕೇಳಿ ನೋಡಿ" ಅನ್ನುವಂತಾಯಿತು.

ಒಂದು ಮಾತು ಹೇಳಲೇಬೇಕು, ಹೇಳಲು ಮನಸ್ಸಿಲ್ಲ. ಹದ್ದು ಹೊಡೆಯುವುದಕ್ಕೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಗರುಡ ಬಂದರೆ ಕೈ ಏಳುತ್ತಿರಲಿಲ್ಲ. ಬಿಳಿ ಎದೆ, ಕೆಂಪು ರೆಕ್ಕೆ ಕಂಡ ಕೂಡಲೇ ಕೋವಿಯನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿಯುವುದು ಹುಟ್ಟಿನಿಂದ ಬಂದ ಅಭ್ಯಾಸ. ದೊರೆಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಒಂದು ದಿನ ವಿಮಾನ ಏಳುವ ಹೊತ್ತಿಗೆ ಸರಿಯಾಗಿ ಗರುಡವೊಂದು ದಾರಿಯ ಮಧ್ಯೆ ಬಂದು ಕೂತಿತು. ನಾನು ಬೆವರುತ್ತಾ ನಿಂತಿದ್ದೆ. ಸಾಬರು ಹಿಂದಿನಿಂದ ಬಂದು, "ನೀವು ಆ ಕಡೆ ತಿರುಗ್ಕೊಳ್ಳಿ ಗೌಡ್ರೇ, ಇದು ನನ್ ಪಾಲು" ಅಂತ ಹೇಳಿ, ಬಿದಿರುಕೋಲು ಬೀಸುತ್ತಾ ಓಡಿದರು. ಹೊಡೆಯಲಿಲ್ಲ, ನೋಯಿಸಲಿಲ್ಲ, ಎಬ್ಬಿಸಿ ಕಳಿಸಿದರು. ಆಮೇಲೆ ಗರುಡ ಬಂದಾಗಲೆಲ್ಲ ಅವರೇ ಹೋಗುತ್ತಿದ್ದರು. ಈ ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ. ಉಪಕಾರ ಮಾಡಿದವರನ್ನು ಕಂಡರೆ ಪ್ರೀತಿ ಬರುತ್ತದೆ ಅನ್ನುತ್ತಾರೆ. ನನಗೆ ಬರಲಿಲ್ಲ. ನನ್ನ ಒಂದು ಗುಟ್ಟು ಅವರ ಜೇಬಿನಲ್ಲಿದೆ ಅನ್ನುವುದೊಂದೇ ಚುಚ್ಚುತ್ತಿತ್ತು.

ಯುದ್ಧ ಮುಗಿಯುವ ಸೂಚನೆ ಕಾಣತೊಡಗಿದಾಗ ದೊರೆ ನಮ್ಮಿಬ್ಬರನ್ನೂ ಕರೆದ. ಅದಕ್ಕೆ ಸ್ವಲ್ಪ ದಿನದ ಹಿಂದೆ ಒಂದು ಹದ್ದು ವಿಮಾನದ ಗಾಜಿಗೆ ಬಡಿದು, ನಡೆಸುವವನ ಮುಖವೆಲ್ಲ ಚೂರು ಹೊಕ್ಕು ರಕ್ತವಾಗಿತ್ತು. ಹೇಗೋ ಇಳಿಸಿದ್ದ, ಜೀವ ಉಳಿದಿತ್ತು. ದೊರೆ ಹೇಳಿದ್ದು ಇಷ್ಟು: ಮುಂದೆ ಒಬ್ಬನಿಗೆ ಮಾತ್ರ ಖಾಯಂ ಕೆಲಸ. ಈ ತಿಂಗಳಲ್ಲಿ ಹದ್ದುಗಳನ್ನು ಯಾರು ತೊಲಗಿಸುತ್ತಾನೋ ಅವನಿಗೆ.

ಆ ಕೆಲಸ ನನಗೇ ಸಿಗಬೇಕಿತ್ತು. ಬೇಕಿತ್ತು ಅಂದರೆ ಆಸೆಯಲ್ಲ, ಹಕ್ಕು ಅಂತ ನನ್ನ ಲೆಕ್ಕ. ಹೊಲ ಕಳೆದುಕೊಂಡವನು ನಾನು. ವಿಮಾನ ಓಡುವ ದಾರಿಯ ಕೆಳಗೆ ಇರುವುದು ನಮ್ಮಪ್ಪ ಉತ್ತ ಮಣ್ಣು. ಮನೆಯಲ್ಲಿ ಉಣ್ಣುವ ಬಾಯಿ ಆರು, ಉಳುವುದಕ್ಕೆ ಗೇಣು ನೆಲವಿಲ್ಲ. ಸಾಬರಿಗೂ ಮನೆ ಮಕ್ಕಳು ಇದ್ದರು, ಅದನ್ನು ನಾನು ಯೋಚಿಸಲು ಹೋಗಲಿಲ್ಲ.

ನಾನು ಹೊಡೆಯಲು ಶುರು ಮಾಡಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಢಂ ಢಂ. ಸಂಜೆ ಸತ್ತ ಹದ್ದುಗಳನ್ನು ದೊರೆಯ ಡೇರೆ ಮುಂದೆ ಸಾಲಾಗಿ ಮಲಗಿಸುತ್ತಿದ್ದೆ. ಅವನು ಎಣಿಸಿ ಪುಸ್ತಕದಲ್ಲಿ ಗುರುತು ಹಾಕಿ ನನ್ನ ಬೆನ್ನು ತಟ್ಟುತ್ತಿದ್ದ. ಸಾಬರ ಹೆಸರಿನ ಕೆಳಗೆ ಒಂದು ಗುರುತೂ ಇಲ್ಲ. ಅವರು ಬಿದಿರುಕೋಲು ಹೆಗಲಿಗಿಟ್ಟುಕೊಂಡು ಮೈದಾನದ ಸುತ್ತ ಸುಮ್ಮನೆ ನಡೆಯುತ್ತಿದ್ದರು, ಅಲ್ಲಲ್ಲಿ ಕೂತು ಆಕಾಶ ನೋಡುತ್ತಿದ್ದರು. ಈ ಸಲ ಗೆದ್ದೆ ಅಂತ ನನಗೆ ಖುಷಿಯೋ ಖುಷಿ. ಒಂದೇ ಒಂದು ತೊಂದರೆ, ಎಷ್ಟು ಹೊಡೆದರೂ ಹದ್ದು ಕಡಿಮೆಯಾಗುತ್ತಿರಲಿಲ್ಲ. ನಿನ್ನೆಗಿಂತ ಇವತ್ತು ಹೆಚ್ಚು. ಹೊಡೆಯಲು ಇನ್ನಷ್ಟು ಸಿಕ್ಕವಲ್ಲ ಅಂತ ಅದಕ್ಕೂ ಖುಷಿಪಟ್ಟೆ.

ಎಣಿಸಿ ಮುಗಿದ ಮೇಲೆ ಆ ಹಕ್ಕಿಗಳನ್ನು ಏನು ಮಾಡುತ್ತಿದ್ದೆ ಅಂತ ನೀವು ಕೇಳಬೇಕು. ಮೈದಾನದ ಪೂರ್ವದ ತುದಿಯಲ್ಲಿ, ದಾರಿಗೆ ಹಾಸಲು ಗರಸು ತೆಗೆದ ದೊಡ್ಡ ಗುಂಡಿ ಇತ್ತು. ಗೋಣಿಯಲ್ಲಿ ತುಂಬಿಕೊಂಡು ಹೋಗಿ ಅದರೊಳಗೆ ಸುರಿದು ಬರುತ್ತಿದ್ದೆ. ಹೂಳಬಹುದಿತ್ತು. ಆದರೆ ಸತ್ತದ್ದಕ್ಕೆ ಗುಂಡಿ ತೋಡಿ ಮಣ್ಣೆಳೆಯುವುದು ನಮ್ಮ ಮನೆತನದವರ ಕೆಲಸವೇ? ಊರಿನಲ್ಲಿ ಎತ್ತು ಸತ್ತರೂ ನಾವು ಮುಟ್ಟಿದವರಲ್ಲ, ಅದಕ್ಕೆ ಬೇರೆಯವರು ಬರುತ್ತಿದ್ದರು. ಹೊಡೆಯುವ ತನಕ ನಾನು ಬೇಟೆಗಾರ ಗೌಡ. ಹೂಳಿದರೆ ಏನಾಗುತ್ತೇನೆ ಅಂತ ನನಗೆ ಜಂಬ.

ಒಂದು ಮಧ್ಯಾಹ್ನ ಗೋಣಿ ಹೊತ್ತು ಹೋದೆ. ಗುಂಡಿಯೊಳಗೆ ಯಾರೋ ಇದ್ದರು. ಮೂಗಿಗೆ ವಸ್ತ್ರ ಕಟ್ಟಿಕೊಂಡು, ಸೊಂಟದವರೆಗೆ ಹಳ್ಳ ತೋಡಿ, ಕೊಳೆತ ಹದ್ದುಗಳನ್ನು ಗುದ್ದಲಿಯಿಂದ ಎಳೆದು ಅದರೊಳಗೆ ಹಾಕುತ್ತಿದ್ದರು. ಮೇಲೆ ಆಕಾಶದಲ್ಲಿ ಇನ್ನಷ್ಟು ಹದ್ದುಗಳು ಸುತ್ತುತ್ತಿದ್ದವು.

"ಏನ್ ಸಾಬ್ರೇ, ಇಲ್ಲಿ?" ಅಂದೆ.

ಅವರು ವಸ್ತ್ರ ಕೆಳಗಿಳಿಸಿದರು. "ಇವುಗಳ್ನ ಯಾರು ಕರೀತವ್ರೆ ಅಂತ ಹತ್ತು ದಿನದಿಂದ ಹುಡುಕ್ತಿದ್ದೆ ಗೌಡ್ರೇ. ಇಲ್ಲಿ ಸಿಕ್ತು."

ಯಾರು ಅಂತ ಅವರು ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವಂತೆ ನಾನೇ ಹೆಗಲ ಮೇಲಿನ ಗೋಣಿಯನ್ನು ಕೆಳಗಿಳಿಸಿದೆ. ನಾನು ಹೊಡೆದ ಹದ್ದನ್ನು ತಿನ್ನಲು ಹದ್ದು ಬರುತ್ತಿತ್ತು. ಬಂದದ್ದನ್ನು ಹೊಡೆದು ನಾನು ಮತ್ತೆ ಬಡಿಸುತ್ತಿದ್ದೆ. ಆ ಗಾಜೊಡೆದ ವಿಮಾನ ಎದ್ದದ್ದೂ ಈ ತುದಿಯಿಂದಲೇ. ಅದಕ್ಕೆ ಮುಂಚೆಯೂ ನಾನು ಹೊಡೆದದ್ದನ್ನು ಇಲ್ಲಿಗೇ ಎಸೆಯುತ್ತಿದ್ದೆ.

"ದೊರೆಗೆ ಹೇಳ್ತೀರಾ?"

"ಏನಂತ ಹೇಳ್ಲಿ? ಗುಂಡಿ ತೆರೆದಿತ್ತು, ಮುಚ್ತಾ ಇದೀನಿ. ನಾಳೆಯಿಂದ ಹೂಳಿಬಿಡಿ. ನಿಮ್ಗೆ ಮುಟ್ಟಾಕೆ ಆಗಲ್ಲ ಅಂದ್ರೆ ನನ್ನ ಕೂಗಿ, ಬರ್ತೀನಿ."

ಅಷ್ಟು ಹೇಳಿ ನನ್ನ ಗೋಣಿಯನ್ನೂ ಅವರೇ ಎಳೆದುಕೊಂಡರು. ನಾನು ಒಂದು ಹಿಡಿ ಮಣ್ಣೂ ಎತ್ತಲಿಲ್ಲ. ಅವರು ಬಾಯಿ ತುಂಬ ಬೈದಿದ್ದರೆ ಹತ್ತಿರ ಹೋಗಿ ಗುದ್ದಲಿ ಹಿಡಿಯುತ್ತಿದ್ದೆನೋ ಏನೋ.

ವಾರದಲ್ಲಿ ಹದ್ದುಗಳು ತೆಳ್ಳಗಾದವು. ಇನ್ನೊಂದು ವಾರಕ್ಕೆ ಎಲ್ಲೋ ದೂರದಲ್ಲಿ ಒಂದೋ ಎರಡೋ. ದೊರೆ ನಮ್ಮಿಬ್ಬರನ್ನೂ ಡೇರೆಗೆ ಕರೆದು ಪುಸ್ತಕ ತೆಗೆದ. ನನ್ನ ಹೆಸರಿನ ಕೆಳಗೆ ಪುಟ ತುಂಬ ಗುರುತುಗಳು. "ನೀನೇನು ಮಾಡಿದೆ?" ಅಂತ ಸಾಬರನ್ನು ಹಿಂದೂಸ್ತಾನಿಯಲ್ಲಿ ಕೇಳಿದ.

ಸಾಬರು ನನ್ನ ಕಡೆ ನೋಡಿದರು. ಕೋಪದಿಂದಲ್ಲ, ಬೇಡುವಂತೆಯೂ ಅಲ್ಲ. ನೀವೇ ಹೇಳುತ್ತೀರೇನೋ ಅಂತ ಕಾದ ಹಾಗೆ. ಆ ನೋಟ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಾನು ನನ್ನ ಬೂಟು ನೋಡಿಕೊಂಡೆ. ಆಗ ಅವರು, "ಗುಂಡಿಗೆ ಮಣ್ಣು ಹಾಕ್ದೆ ಸಾಬ್" ಅಂದರು.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಬರೂ ಸ್ವಲ್ಪ ನಕ್ಕರು. ಕೆಲಸ ನನಗಾಯಿತು. ಬಾಯಿ ಬಿಡಬಹುದಿತ್ತು. ಇಂಗ್ಲಿಷು ನನಗೆ ಬರುತ್ತಿತ್ತು, ಅಷ್ಟು ಹೇಳಲು ನಾಲ್ಕು ಮಾತು ಸಾಕಿತ್ತು. ಕೈ ಕೆಸರಾದದ್ದು ಅವರದು, ಬಾಯಿ ಮೊಸರಾದದ್ದು ನನ್ನದು.

ಹೋಗುವ ದಿನ ಅವರು ಹೊಂಗೆಮರದ ಕೆಳಗೆ ಬಂದು, "ಹುಲ್ಲು ಮಾತ್ರ ಕೊಯ್ಯಿಸ್ಬೇಡಿ" ಅಂದರು, ಅಷ್ಟೇ. ಆಮೇಲೆ ಅವರು ರೇಷ್ಮೆಗೂಡಿನ ವ್ಯಾಪಾರಿಯೊಬ್ಬರ ಹತ್ತಿರ ಗೂಡು ಆರಿಸುವ ಕೆಲಸಕ್ಕೆ ಸೇರಿದರು. ನನ್ನನ್ನು ಬೆಂಗಳೂರಿನ ದೊಡ್ಡ ಮೈದಾನಕ್ಕೆ ಹಾಕಿದರು. ಸ್ವರಾಜ್ಯ ಬಂತು, ದೊರೆ ಹೋದ, ನನ್ನ ಕೆಲಸ ಉಳಿಯಿತು. ಅಲ್ಲಿ ನಾನು ಹುಲ್ಲನ್ನು ಮೊಣಕಾಲುದ್ದ ಬಿಡಿಸಿದೆ, ಕ್ಯಾಂಟೀನಿನ ಎಂಜಲು ಮುಚ್ಚಿಸಿದೆ, ಸತ್ತ ನಾಯಿ ಕಂಡರೆ ಆವತ್ತೇ ಹೂಳಿಸಿದೆ. ಬುದ್ಧಿವಂತ ಅಂತ ಹೆಸರು ಬಂತು. ಒಬ್ಬ ಅಧಿಕಾರಿ, "ಇದೆಲ್ಲ ಎಲ್ಲಿ ಕಲಿತ್ರಿ?" ಅಂತ ಕೇಳಿದರು. ಅನುಭವ ಅಂದೆ. ಯಾರ ಅನುಭವ ಅಂತ ಅವರು ಕೇಳಲಿಲ್ಲ.

ನಡುವೆ ಒಂದೇ ಸಲ, ದೇವನಹಳ್ಳಿ ಸಂತೆಯಲ್ಲಿ ಸಾಬರು ಸಿಕ್ಕಿದ್ದರು. ಮೈಯಿಳಿದಿತ್ತು. ಹತ್ತು ಜನ ಅವರನ್ನು ಮಾತನಾಡಿಸುತ್ತಿದ್ದರು. ಪಾರಿವಾಳಕ್ಕೆ ಕಾಯಿಲೆ ಅಂತ ಒಬ್ಬ, ಎಮ್ಮೆ ಮೇಲೆ ಕಾಗೆ ಕೂತು ಕುಕ್ಕುತ್ತದೆ ಅಂತ ಇನ್ನೊಬ್ಬ. ನನ್ನ ಖಾಕಿ ಅಂಗಿಯನ್ನು ಯಾರೂ ತಿರುಗಿ ನೋಡಲಿಲ್ಲ. ಸಾಬರು ಮಾತ್ರ ನೋಡಿ, ನನ್ನ ಎರಡೂ ಕೈ ಹಿಡಿದು, "ಅಕ್ಕ ಹೆಂಗವ್ರೆ, ಕೋಳಿ ಹೆಂಗವೆ?" ಅಂತ ಕೇಳಿದರು. ಕೆಲಸದ ಮಾತು ಎತ್ತಲೇ ಇಲ್ಲ. ಕಳೆದುಕೊಂಡವರು ಹೀಗೆ ನಗಬಾರದು, ಗೆದ್ದವನಿಗೆ ಕಷ್ಟವಾಗುತ್ತದೆ. ಸಂತೆಯಲ್ಲಿ ತರಕಾರಿ ಕೊಳ್ಳದೆ ಮನೆಗೆ ಬಂದೆ.

ಸುದ್ದಿ ಬಂದಾಗ ರಜಾ ಹಾಕಿ ಹೋದೆ. ಹೋಗದಿದ್ದರೆ ಹೆಂಡತಿ ಬಿಡುತ್ತಿರಲಿಲ್ಲ. ಕೋಟೆಯ ಸಣ್ಣ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಗೂಡಿನ ವ್ಯಾಪಾರಿಗಳು, ಗಾಡಿಯವರು, ಸುತ್ತಮುತ್ತಿನ ಒಕ್ಕಲಿಗರು. ನಾನು ಸತ್ತರೆ ಇದರ ಅರ್ಧ ಜನ ಬರುತ್ತಾರೆಯೇ ಅಂತ ಅಲ್ಲಿ ನಿಂತೇ ಎಣಿಸಿದೆ. ನನ್ನ ಬುದ್ಧಿ ಅಂಥದ್ದು.

ಮಧ್ಯಾಹ್ನದ ನಮಾಜಿನ ಹೊತ್ತಾಗಿತ್ತು. ಚಟ್ಟ ಎತ್ತುವ ಮುಂಚೆ ಅವರ ಭಾವಮೈದ, ಬಿಳಿ ಗಡ್ಡದವರು, ಎಲ್ಲರ ಎದುರಿಗೆ ಬಂದು ನಿಂತರು. "ಇವರು ಬದುಕಿದ್ದಾಗ ಯಾರಿಗಾದ್ರೂ ಏನಾದ್ರೂ ಅಂದಿದ್ರೆ, ಯಾರ ಮನಸ್ಸಾದ್ರೂ ನೋಯಿಸಿದ್ರೆ, ಮಾಫ್ ಮಾಡ್ಬಿಡಿ" ಅಂದರು. ಅವರಲ್ಲಿ ಹಾಗೆ ಕೇಳುವ ಪದ್ಧತಿಯಂತೆ. "ಮಾಫ್, ಮಾಫ್" ಅಂತ ಜನರೆಲ್ಲ ಒಟ್ಟಿಗೆ ಹೇಳಿದರು. ಆ ಸದ್ದಿನಲ್ಲಿ ನಾನು ತುಟಿ ಬಿಚ್ಚದಿದ್ದದ್ದು ಗೊತ್ತಾಗಲಿಲ್ಲ ಅಂದುಕೊಂಡೆ.

ಅಷ್ಟರಲ್ಲಿ ಬಾಗಿಲ ಪರದೆಯ ಹಿಂದಿನಿಂದ ಹೆಂಗಸಿನ ದನಿ ಬಂತು. ಸಾಬರ ಹೆಂಡತಿ. "ಬೂದಿಗೆರೆ ಗೌಡ್ರು ಬಂದವ್ರಾ?" ಅಂತ ಕೇಳಿದರು. ಬಂದಿದ್ದೇನಮ್ಮಾ ಅಂದೆ.

"ಆವತ್ತು ಕೆಲಸ ಹೋದಾಗ ನಾನು ನಿಮಗೆ ಬಾಳ ಬೈದೆ ಅಣ್ಣಾ. ಶಾಪ ಹಾಕಾಕೆ ಬಾಯಿ ತೆಗೆದಿದ್ದೆ. ಅವರು ನನ್ ಬಾಯಿ ಮುಚ್ಚಿಸಿದ್ರು. ಹದ್ದು ಓಡಿಸಿದ್ದು ಗೌಡ್ರೇ, ಕೆಲಸ ಅವರದೇ, ಹೊಲ ಬೇರೆ ಕಳ್ಕೊಂಡವ್ರೆ ಅಂತ ಆಣೆ ಹಾಕಿದ್ರು. ನನ್ನೂ ಮಾಫ್ ಮಾಡಿ, ಅವರ್ನೂ ಮಾಫ್ ಮಾಡಿ. ಬಾಯಿಬಿಟ್ಟು ಹೇಳ್ಬಿಡಿ ಅಣ್ಣಾ, ಅವರು ಹಗುರಾಗಿ ಹೋಗ್ಲಿ."

ಬೀದಿಯ ಜನರೆಲ್ಲ ನನ್ನ ಕಡೆ ತಿರುಗಿದರು. ಅವರು ಆಣೆ ಹಾಕಿದ್ದು ಸುಳ್ಳಮ್ಮಾ, ಮಾಫಿ ಕೇಳಬೇಕಾದವನು ನಾನು ಅಂತ ನಾಲಗೆಯ ತುದಿಗೆ ಬಂತು, ನಿಜವಾಗಿ ಬಂತು. ಆದರೆ ಹೇಳಿದರೆ ಅಷ್ಟು ಜನರ ಮುಂದೆ ಸಾಬರು ಇನ್ನೂ ದೊಡ್ಡವರಾಗುತ್ತಾರೆ, ನಾನು ಇನ್ನೂ ಚಿಕ್ಕವನಾಗುತ್ತೇನೆ. ಸತ್ತ ಮೇಲೂ ಅವರು ನನಗಿಂತ ಮೇಲೆ ಹೋಗುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಮಾಫ್ ಮಾಡಿದೀನಮ್ಮಾ" ಅಂದೆ.

ಪರದೆಯ ಹಿಂದೆ ಆಕೆ ಅಳುತ್ತಾ ನನಗೆ ಒಳ್ಳೆಯದಾಗಲಿ ಅಂತ ಹರಸಿದರು. ಬಿಳಿ ಗಡ್ಡದವರು ನನ್ನ ಭುಜ ಮುಟ್ಟಿ, ದೊಡ್ಡ ಮನಸ್ಸು ನಿಮ್ದು ಅಂದರು. ಆಮೇಲೆ ಚಟ್ಟ ಎತ್ತಿದರು.